ಯುದ್ಧದ ನಡುವೆ ಆಸ್ಪತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಶಸ್ತ್ರ ಸಂಘರ್ಷದಲ್ಲಿ ಆಸ್ಪತ್ರೆ, ಆಂಬುಲೆನ್ಸ್ ಹಾಗೂ ಆರೋಗ್ಯ ಸಿಬ್ಬಂದಿಗೆ ಇರುವ ರಕ್ಷಣೆಯ ಕುರಿತು ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ನರ್ಸಿಂಗ್ ವಿದ್ಯಾರ್ಥಿಗಳು, ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ವಿದೇಶಕ್ಕೆ ದುಡಿಯಲು ಹೊರಟವರ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕಾನೂನಿನ ಮಾತು ಬಂದಲ್ಲಿ ಉತ್ತರ ಕೊಂಚ ಉದ್ದವಾಗಿದೆ, ಏಕೆಂದರೆ ಈ ವಿಷಯದಲ್ಲಿ ಅರ್ಧ ತಿಳಿವಳಿಕೆಯೇ ಹೆಚ್ಚು ಅಪಾಯ ತಂದಿದೆ.

ಯುದ್ಧ ನಡೆಯುವುದು ಎಲ್ಲೋ ದೂರದಲ್ಲಿ. ನಮ್ಮ ಭಾಗದವರು ಇದನ್ನು ಏಕೆ ತಿಳಿದುಕೊಳ್ಳಬೇಕು?

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ದಿನಸಿಗಾಗಿ ಹೊರಗೆ ಬಂದಿದ್ದಾಗ ಶೆಲ್ ದಾಳಿಗೆ ಬಲಿಯಾದ ಭಾರತೀಯ ವೈದ್ಯಕೀಯ ವಿದ್ಯಾರ್ಥಿ ಹಾವೇರಿ ಜಿಲ್ಲೆಯವರು. ಅಂದಿನಿಂದ ಈ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವವರು ಕಡಿಮೆಯಾಗಿದ್ದಾರೆ. ವೈದ್ಯಕೀಯ ಓದಿಗಾಗಿ ಹೊರದೇಶಕ್ಕೆ ಹೋಗುವ ಮಕ್ಕಳು, ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರುವ ನರ್ಸ್‌ಗಳು, ಸೇನೆಯ ವೈದ್ಯಕೀಯ ದಳಕ್ಕೆ ಸೇರುವ ಯುವಕರು ನಮ್ಮ ಊರುಗಳಲ್ಲೂ ಇದ್ದಾರೆ.

ಹಳೆಯ ನಂಟೂ ಒಂದಿದೆ. ಜಪಾನಿನ ಆಕ್ರಮಣಕ್ಕೆ ಒಳಗಾಗಿದ್ದ ಚೀನಾಕ್ಕೆ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರ ತಂಡದಲ್ಲಿ ನೆರೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದರು. ತಂಡದ ಹೆಚ್ಚಿನವರು ಮರಳಿದರೂ ಅವರು ಅಲ್ಲಿಯೇ ನಿಂತು, ಗಾಯಾಳುಗಳ ಶಸ್ತ್ರಚಿಕಿತ್ಸೆ ಮಾಡುತ್ತಲೇ 1942ರ ಡಿಸೆಂಬರಿನಲ್ಲಿ, 32ನೆಯ ವಯಸ್ಸಿನಲ್ಲಿ, ತೀರಿಕೊಂಡರು. 1950ರಲ್ಲಿ ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದೂ ಹೋರಾಡುವ ಪಡೆಯನ್ನಲ್ಲ, ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ನೇತೃತ್ವದ 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಘಟಕವನ್ನು.

ಆಸ್ಪತ್ರೆಯ ಮೇಲೆ ದಾಳಿ ಮಾಡಬಾರದು ಎಂಬ ನಿಯಮ ಎಂದಿನಿಂದ ಇದೆ?

ಬರಹದ ರೂಪದಲ್ಲಿ 1864ರಿಂದ. 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೋದಲ್ಲಿ ನಡೆದ ಕಾಳಗದ ಬಳಿಕ ಸಾವಿರಾರು ಗಾಯಾಳುಗಳು ಆರೈಕೆಯಿಲ್ಲದೆ ಬಿದ್ದಿದ್ದನ್ನು ಕಂಡ ಜಿನೀವಾದ ವ್ಯಾಪಾರಿ ಹೆನ್ರಿ ಡ್ಯೂನಾಂಟ್, ಹತ್ತಿರದ ಊರಿನ ಹೆಂಗಸರನ್ನು ಕೂಡಿಸಿ ಎರಡೂ ಪಕ್ಷಗಳ ಸೈನಿಕರಿಗೆ ಉಪಚಾರ ಮಾಡಿಸಿದರು. 1863ರಲ್ಲಿ ರೆಡ್ ಕ್ರಾಸ್ ಸಮಿತಿ ಹುಟ್ಟಿತು. ಮರುವರ್ಷ ಆಗಸ್ಟ್ 22ರಂದು ಕೇವಲ ಹತ್ತು ವಿಧಿಗಳ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಬಿದ್ದಿತು. ಇಂದು ಜಾರಿಯಲ್ಲಿರುವುದು 1949ರ ಆಗಸ್ಟ್ 12ರ ನಾಲ್ಕು ಜಿನೀವಾ ಒಪ್ಪಂದಗಳು ಮತ್ತು 1977ರ ಎರಡು ಹೆಚ್ಚುವರಿ ಪ್ರೋಟೋಕಾಲ್‌ಗಳು, ಎಂದರೆ ಪೂರಕ ಒಪ್ಪಂದಗಳು. ನಾಲ್ಕು ಒಪ್ಪಂದಗಳನ್ನು ಜಗತ್ತಿನ 196 ರಾಷ್ಟ್ರಗಳು, ಎಂದರೆ ಹೆಚ್ಚುಕಡಿಮೆ ಎಲ್ಲ ರಾಷ್ಟ್ರಗಳೂ, ಒಪ್ಪಿವೆ. ಸೇನೆಯ ಆಸ್ಪತ್ರೆಗಳಿಗೆ ಮೊದಲನೆಯ ಒಪ್ಪಂದದ 19ನೆಯ ವಿಧಿ, ನಾಗರಿಕ ಆಸ್ಪತ್ರೆಗಳಿಗೆ ನಾಲ್ಕನೆಯ ಒಪ್ಪಂದದ 18ನೆಯ ವಿಧಿ ರಕ್ಷಣೆ ನೀಡುತ್ತವೆ.

ಈ ಎಲ್ಲ ವಿಧಿಗಳ ಹಿಂದಿನ ತರ್ಕ ಒಂದೇ. ಗಾಯಗೊಂಡವನು ಇನ್ನು ಹೋರಾಡಲಾರ, ಆದ್ದರಿಂದ ಅವನನ್ನು ಕೊಲ್ಲುವಂತಿಲ್ಲ. ಅವನು ಬದುಕಬೇಕಾದರೆ ಅವನ ಬಳಿಗೆ ವೈದ್ಯರು, ಔಷಧಿ, ವಾಹನ ತಲುಪಬೇಕು. ವೈದ್ಯರಿಗೂ ಕಟ್ಟಡಕ್ಕೂ ದೊರೆತಿರುವ ರಕ್ಷಣೆ ಗಾಯಾಳುವಿನ ಹಕ್ಕಿನಿಂದ ಬಂದದ್ದೇ ಹೊರತು ವೃತ್ತಿಗೆ ಕೊಟ್ಟ ವಿಶೇಷ ಮರ್ಯಾದೆಯಲ್ಲ. ಮುಂದಿನ ಪ್ರಶ್ನೆಗಳಲ್ಲಿ ಬಹುತೇಕ ಗೊಂದಲ ತಿಳಿಯಾಗುವುದು ಇದನ್ನು ಹಿಡಿದುಕೊಂಡು ಹೋದಾಗಲೇ.

ದೇಶದೊಳಗಿನ ಸಂಘರ್ಷಕ್ಕೂ ಈ ನಿಯಮಗಳು ಅನ್ವಯಿಸುತ್ತವೆಯೆ?

ಅನ್ವಯಿಸುತ್ತವೆ. ನಾಲ್ಕೂ ಒಪ್ಪಂದಗಳಲ್ಲಿ ಒಂದೇ ರೀತಿಯಲ್ಲಿ ಬರುವ 3ನೆಯ ವಿಧಿಯು, ಸಂಘರ್ಷ ಒಂದು ದೇಶದ ಗಡಿಯೊಳಗೇ ಇದ್ದರೂ ಗಾಯಾಳುಗಳನ್ನೂ ರೋಗಿಗಳನ್ನೂ ಒಟ್ಟುಗೂಡಿಸಿ ಆರೈಕೆ ಮಾಡಬೇಕೆಂದು ಹೇಳುತ್ತದೆ. ಈ ಕರ್ತವ್ಯ ಸರ್ಕಾರಿ ಪಡೆಗೂ ಇದೆ, ಅದರ ವಿರುದ್ಧ ಆಯುಧ ಹಿಡಿದ ಗುಂಪಿಗೂ ಇದೆ.

ರಕ್ಷಣೆ ವೈದ್ಯರಿಗೆ ಮತ್ತು ನರ್ಸ್‌ಗಳಿಗೆ ಮಾತ್ರವೆ? ಚಾಲಕ, ಅಡುಗೆಯವರು, ಕಸ ಗುಡಿಸುವವರ ಗತಿಯೇನು?

ಗಾಯಾಳುಗಳನ್ನು ಹುಡುಕುವವರು, ಎತ್ತಿ ತರುವವರು, ಸಾಗಿಸುವವರು, ಚಿಕಿತ್ಸೆ ನೀಡುವವರು, ರೋಗ ಹರಡದಂತೆ ತಡೆಯುವವರು ಎಲ್ಲರೂ ವೈದ್ಯಕೀಯ ಸಿಬ್ಬಂದಿಯೇ. ಆಸ್ಪತ್ರೆಯ ಆಡಳಿತ ನೋಡುವವರೂ ಇದರಲ್ಲಿ ಸೇರುತ್ತಾರೆ. ಆಂಬುಲೆನ್ಸ್ ಚಾಲಕ, ಜನರೇಟರ್ ನೋಡಿಕೊಳ್ಳುವವನು, ರೋಗಿಗಳ ಅಡುಗೆ ಮಾಡುವವರು ತಮ್ಮನ್ನು ಹೊರಗಿನವರೆಂದು ಎಣಿಸಬೇಕಾಗಿಲ್ಲ. ಲಸಿಕೆ ಹಾಕಲು ಮನೆಮನೆಗೆ ಹೋಗುವ ಕಾರ್ಯಕರ್ತೆಯೂ, ನಮ್ಮಲ್ಲಿ ಆಶಾ ಕಾರ್ಯಕರ್ತೆ ಎನ್ನುವಂಥವರು, ಈ ಅರ್ಥದಲ್ಲಿ ಆರೋಗ್ಯ ಸಿಬ್ಬಂದಿಯೇ. ಅವರು ಕೆಲಸ ಬಿಟ್ಟು ಹೋರಾಟದಲ್ಲಿ ಕೈಜೋಡಿಸಿದರೆ ಮಾತ್ರ ರಕ್ಷಣೆ ಹೋಗುತ್ತದೆ.

ಗಾಯಗೊಂಡ ಶತ್ರು ಸೈನಿಕನಿಗೆ ಚಿಕಿತ್ಸೆ ನೀಡಿದರೆ ದ್ರೋಹವಾಗುವುದಿಲ್ಲವೆ?

ಇಲ್ಲ. ಚಿಕಿತ್ಸೆಯ ಸರದಿಯನ್ನು ನಿರ್ಧರಿಸಲು ವೈದ್ಯಕೀಯ ತುರ್ತೊಂದೇ ಕಾರಣವಾಗಬಹುದು ಎಂದು ಮೊದಲನೆಯ ಒಪ್ಪಂದದ 12ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಎದೆಗೆ ಗುಂಡು ತಗುಲಿದ ಶತ್ರು ಸೈನಿಕ ಮತ್ತು ಕಾಲು ಉಳುಕಿದ ನಮ್ಮ ಸೈನಿಕ ಒಂದೇ ಹೊತ್ತಿಗೆ ಬಂದರೆ ಶಸ್ತ್ರಚಿಕಿತ್ಸಾ ಕೊಠಡಿಗೆ ಮೊದಲು ಹೋಗಬೇಕಾದವನು ಶತ್ರು ಸೈನಿಕ. ವೈದ್ಯಕೀಯ ನೀತಿಗೆ ತಕ್ಕಂತೆ ಕೆಲಸ ಮಾಡಿದವರನ್ನು, ರೋಗಿ ಯಾರೆಂಬ ಕಾರಣಕ್ಕೆ, ಶಿಕ್ಷಿಸುವಂತಿಲ್ಲ ಎಂದು 1977ರ ಮೊದಲ ಪ್ರೋಟೋಕಾಲ್‌ನ 16ನೆಯ ವಿಧಿ ಸೇರಿಸಿತು.

ಈ ತತ್ವ ನಮ್ಮ ನ್ಯಾಯಾಲಯಗಳಿಗೂ ಹೊಸದಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್, ಗಾಯಾಳು ನಿರಪರಾಧಿಯಾಗಿರಲಿ ಅಪರಾಧಿಯಾಗಿರಲಿ ಮೊದಲು ಜೀವ ಉಳಿಸಬೇಕು, ಪೊಲೀಸ್ ಪ್ರಕ್ರಿಯೆ ಆಮೇಲೆ ನಡೆಯಲಿ ಎಂದಿತು. ಈ ಹೊಣೆ ಸರ್ಕಾರಿ ವೈದ್ಯರಿಗೂ ಖಾಸಗಿ ವೈದ್ಯರಿಗೂ ಒಂದೇ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ನೋಂದಾಯಿಸಿ ಠಾಣೆಗೆ ತಿಳಿಸುವುದು ಬೇರೆ, ಠಾಣೆಯವರು ಬರುವ ತನಕ ರೋಗಿಯನ್ನು ಮುಟ್ಟದೆ ನಿಲ್ಲುವುದು ಬೇರೆ. ಎರಡನೆಯದಕ್ಕೆ ಶಾಂತಿಯ ಕಾಲದಲ್ಲೂ ಸಮರ್ಥನೆಯಿಲ್ಲ.

ಆಸ್ಪತ್ರೆಯೊಳಗೆ ಹೋರಾಟಗಾರರು ಅಡಗಿದ್ದಾರೆ ಎಂದಾದರೆ ದಾಳಿ ಮಾಡಬಹುದಲ್ಲವೆ?

ಸುದ್ದಿವಾಹಿನಿಗಳ ಚರ್ಚೆಯಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು, ಮತ್ತು ಅತಿ ಹೆಚ್ಚು ತಪ್ಪು ಉತ್ತರ ಸಿಗುವುದೂ ಇದಕ್ಕೇ. ಆಸ್ಪತ್ರೆಯ ರಕ್ಷಣೆ ಎಂದೆಂದಿಗೂ ಹೋಗದಂಥದ್ದಲ್ಲ ಎಂಬುದು ನಿಜ. ಆದರೆ ಅದು ಹೋಗುವ ದಾರಿ ಬಹಳ ಕಿರಿದು, ಮತ್ತು ಆ ದಾರಿಯಲ್ಲಿ ದಾಟಲೇಬೇಕಾದ ಹಂತಗಳಿವೆ.

ಮೊದಲನೆಯದಾಗಿ, ಆಸ್ಪತ್ರೆಯನ್ನು ಅದರ ಮಾನವೀಯ ಕೆಲಸದ ಹೊರಗೆ ಎದುರಾಳಿಗೆ ಹಾನಿ ಮಾಡುವ ಕೃತ್ಯಕ್ಕೆ ಬಳಸುತ್ತಿರಬೇಕು. ಚಾವಣಿಯಿಂದ ಗುಂಡು ಹಾರಿಸುವುದು, ನೆಲಮಾಳಿಗೆಯನ್ನು ಶಸ್ತ್ರಾಗಾರ ಮಾಡಿಕೊಳ್ಳುವುದು, ಅಲ್ಲಿಂದ ಪಡೆಗಳಿಗೆ ಆದೇಶ ಕಳಿಸುವುದು ಇಂಥ ಕೃತ್ಯಗಳು. ಗಾಯಗೊಂಡ ಹೋರಾಟಗಾರರು ಹಾಸಿಗೆಯಲ್ಲಿ ಮಲಗಿರುವುದು ಇಂಥ ಕೃತ್ಯವಲ್ಲ. ಅವರಿಂದ ಕಿತ್ತಿಟ್ಟ, ಇನ್ನೂ ಅಧಿಕಾರಿಗಳಿಗೆ ಒಪ್ಪಿಸದ ಬಂದೂಕು, ಗುಂಡುಗಳು ಮೂಲೆಯಲ್ಲಿ ಬಿದ್ದಿರುವುದೂ ಇಂಥ ಕೃತ್ಯವಲ್ಲ. ನಾಲ್ಕನೆಯ ಒಪ್ಪಂದದ 19ನೆಯ ವಿಧಿ ಈ ಎರಡನ್ನೂ ಹೆಸರಿಸಿ ಹೊರಗಿಟ್ಟಿದೆ. ಹಾಗಾಗಿ ಆಸ್ಪತ್ರೆಯಲ್ಲಿ ಬಂದೂಕು ಸಿಕ್ಕಿತು ಎಂಬ ಒಂದು ಛಾಯಾಚಿತ್ರದಿಂದ ಏನೂ ಸಾಬೀತಾಗುವುದಿಲ್ಲ.

ಎರಡನೆಯದಾಗಿ, ದುರ್ಬಳಕೆ ನಿಜವೇ ಆಗಿದ್ದರೂ ಎಚ್ಚರಿಕೆ ಕೊಡಬೇಕು ಮತ್ತು ಅದನ್ನು ನಿಲ್ಲಿಸಲು ಸೂಕ್ತ ಸಂದರ್ಭಗಳಲ್ಲೆಲ್ಲ ನ್ಯಾಯಯುತವಾದ ಕಾಲಾವಕಾಶ ಕೊಡಬೇಕು. ಆ ಎಚ್ಚರಿಕೆಗೆ ಕಿವಿಗೊಡದಿದ್ದರೆ ಮಾತ್ರ ರಕ್ಷಣೆ ಕೊನೆಗೊಳ್ಳುತ್ತದೆ. ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಗಳನ್ನು ಒಂದು ಗಂಟೆಯಲ್ಲಿ ಖಾಲಿ ಮಾಡಿ ಎನ್ನುವುದು ಎಚ್ಚರಿಕೆಯ ರೂಪದಲ್ಲಿದ್ದರೂ ಅದರಲ್ಲಿ ಎಚ್ಚರಿಕೆಯ ಸತ್ವವಿಲ್ಲ ಎಂಬುದು ಈ ಲೇಖಕರ ಅಭಿಪ್ರಾಯ. ಹುಬ್ಬಳ್ಳಿಯ ಯಾವುದೇ ದೊಡ್ಡ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯದಾಗಿ, ಕಟ್ಟಡದ ವಿಶೇಷ ರಕ್ಷಣೆ ಹೋದರೂ ಒಳಗಿನ ರೋಗಿಗಳ ರಕ್ಷಣೆ ಹೋಗುವುದಿಲ್ಲ. ದಾಳಿಯಿಂದ ಸಿಗುವ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕರಿಗೆ ಆಗುವ ಹಾನಿ ಅತಿಯಾಗಬಾರದು, ಹಾನಿ ತಗ್ಗಿಸಲು ಸಾಧ್ಯವಿರುವ ಎಲ್ಲ ಮುನ್ನೆಚ್ಚರಿಕೆ ವಹಿಸಬೇಕು ಎಂಬ ಸಾಮಾನ್ಯ ನಿಯಮಗಳು ಕೊನೆಯ ತನಕ ಇರುತ್ತವೆ. ಸಂದೇಹವಿದ್ದರೆ ಆಸ್ಪತ್ರೆಯನ್ನು ಆಸ್ಪತ್ರೆಯೆಂದೇ ತಿಳಿಯಬೇಕು.

2023ರ ನವೆಂಬರಿನಲ್ಲಿ ಗಾಜಾದ ಅಲ್-ಶಿಫಾ ಆಸ್ಪತ್ರೆಯ ಸುತ್ತ ನಡೆದ ವಾದ ಈ ಮೂರೂ ಹಂತಗಳ ಕುರಿತದ್ದೇ. ಅಲ್ಲಿ ಹಮಾಸ್‌ನ ಕಮಾಂಡ್ ಕೇಂದ್ರವಿದೆ ಎಂದು ಇಸ್ರೇಲ್ ಹೇಳಿತು. ಆಸ್ಪತ್ರೆಯ ಸಿಬ್ಬಂದಿ ಮತ್ತು ಹಮಾಸ್ ಅದನ್ನು ಅಲ್ಲಗಳೆದರು. ಆ ವಾದದಲ್ಲಿ ಯಾರ ಮಾತನ್ನು ಯಾರು ನಂಬಿದರೂ, ವಿಶ್ವ ಆರೋಗ್ಯ ಸಂಸ್ಥೆಯ ತಂಡ ನವೆಂಬರ್ 19ರಂದು ಅಲ್ಲಿಂದ ಹೊರತಂದ ಅವಧಿಗೆ ಮೊದಲೇ ಹುಟ್ಟಿದ 31 ಶಿಶುಗಳು ಯಾರ ಪಕ್ಷದವರೂ ಆಗಿರಲಿಲ್ಲ. ಆಸ್ಪತ್ರೆಯನ್ನು ಗುರಾಣಿ ಮಾಡಿಕೊಳ್ಳುವುದು ಅಪರಾಧ. ಎದುರಾಳಿ ಹಾಗೆ ಮಾಡಿದ ಎಂಬುದು ರೋಗಿಗಳನ್ನು ಮರೆತು ದಾಳಿ ಮಾಡುವುದಕ್ಕೆ ಪರವಾನಗಿಯಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಬಂದೂಕುಧಾರಿ ಕಾವಲುಗಾರ ಇರಬಹುದೆ?

ಇರಬಹುದು. ತಮ್ಮ ಮತ್ತು ರೋಗಿಗಳ ರಕ್ಷಣೆಗಾಗಿ ಲಘು ಆಯುಧ ಇಟ್ಟುಕೊಂಡರೆ ರಕ್ಷಣೆ ಹೋಗುವುದಿಲ್ಲ. ಆದರೂ ಸಂಘರ್ಷದ ಪ್ರದೇಶಗಳಲ್ಲಿ ಕೆಲಸ ಮಾಡುವ ಅನೇಕ ಸಂಸ್ಥೆಗಳು ಆಯುಧಗಳನ್ನು ಬಾಗಿಲ ಹೊರಗೇ ಇಡಿಸುತ್ತವೆ. ಅಡ್ಡಗೆರೆ ಎಳೆದ ಬಂದೂಕಿನ ಚಿತ್ರವನ್ನು ಗೋಡೆಗೆ, ವಾಹನಕ್ಕೆ ಅಂಟಿಸುತ್ತವೆ. ಕಾನೂನು ಅವಕಾಶ ಕೊಟ್ಟಿದೆ ಎಂದ ಮಾತ್ರಕ್ಕೆ ಅದನ್ನು ಬಳಸುವುದೇ ಜಾಣತನ ಎಂದೇನಿಲ್ಲ.

ಆಸ್ಪತ್ರೆ ಇರುವ ಜಾಗವನ್ನು ಮೊದಲೇ ತಿಳಿಸಿದ್ದರೆ ದಾಳಿ ತಪ್ಪುತ್ತದೆಯೆ?

ತಪ್ಪುವ ಸಾಧ್ಯತೆ ಹೆಚ್ಚುತ್ತದೆ, ಖಾತರಿಯಿಲ್ಲ. 2015ರ ಅಕ್ಟೋಬರ್ 3ರ ನಸುಕಿನಲ್ಲಿ ಅಫ್ಘಾನಿಸ್ತಾನದ ಕುಂದುಜ್ ನಗರದಲ್ಲಿ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯ ಗಾಯಾಳು ಚಿಕಿತ್ಸಾ ಕೇಂದ್ರದ ಮೇಲೆ ಅಮೆರಿಕದ ಎಸಿ-130 ಯುದ್ಧವಿಮಾನ ಸುಮಾರು ಒಂದು ಗಂಟೆ ದಾಳಿ ನಡೆಸಿ 42 ಜನರನ್ನು ಕೊಂದಿತು: 24 ರೋಗಿಗಳು, 14 ಸಿಬ್ಬಂದಿ, 4 ಮಂದಿ ರೋಗಿಗಳ ಜೊತೆಗಿದ್ದವರು. ಆಸ್ಪತ್ರೆಯ ಜಿಪಿಎಸ್ ಗುರುತನ್ನು ಸಂಸ್ಥೆ ಕೆಲವೇ ದಿನ ಮೊದಲು, ಸೆಪ್ಟೆಂಬರ್ 29ರಂದು, ಮತ್ತೆ ತಿಳಿಸಿತ್ತು. ದಾಳಿ ನಡೆಯುತ್ತಿದ್ದಾಗಲೂ ನಿಲ್ಲಿಸಿ ಎಂದು ಕರೆಗಳು ಹೋಗುತ್ತಲೇ ಇದ್ದವು. ಬೇರೊಂದು ಕಟ್ಟಡವೆಂದು ತಪ್ಪಾಗಿ ಗುರುತಿಸಿ ದಾಳಿ ಮಾಡಲಾಯಿತು, ಅದು ಉದ್ದೇಶಪೂರ್ವಕವಲ್ಲದ್ದರಿಂದ ಯುದ್ಧಾಪರಾಧವಲ್ಲ ಎಂದು ಅಮೆರಿಕದ ಸೇನಾ ತನಿಖೆ 2016ರಲ್ಲಿ ಹೇಳಿ 16 ಮಂದಿಯ ಮೇಲೆ ಶಿಸ್ತುಕ್ರಮ ಕೈಗೊಂಡಿತು; ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಸಂಸ್ಥೆ ಕೇಳಿದ್ದ ಸ್ವತಂತ್ರ ತನಿಖೆ ನಡೆಯಲಿಲ್ಲ.

ಗುರುತು ಕಾಗದದ ಮೇಲೆ ಇದ್ದರೆ ಸಾಲದು, ಗುಂಡಿ ಒತ್ತುವವನ ಮುಂದಿನ ಪರದೆಯ ಮೇಲೆ ಇರಬೇಕು ಎಂಬುದು ಕುಂದುಜ್‌ನಿಂದ ತಿಳಿಯಬೇಕಾದದ್ದು. ಸಿರಿಯಾದಂಥ ಕಡೆ ವೈದ್ಯರಿಗೆ ಇನ್ನೊಂದು ಭಯವೂ ಇತ್ತು: ಕೊಟ್ಟ ಗುರುತನ್ನೇ ಹಿಡಿದು ದಾಳಿ ಮಾಡಿದರೆ ಏನು ಗತಿ ಎಂದು. ಹಾಗಾಗಿ ಕೆಲವರು ಗುಹೆಗಳಲ್ಲಿ, ನೆಲಮಾಳಿಗೆಗಳಲ್ಲಿ, ಯಾವ ಚಿಹ್ನೆಯೂ ಇಲ್ಲದೆ ಆಸ್ಪತ್ರೆ ನಡೆಸಿದರು.

ಹಿಂಸೆ ಎಂದರೆ ಬಾಂಬ್ ದಾಳಿ ಮಾತ್ರವೆ?

ಅಲ್ಲ, ಸುದ್ದಿಯಾಗುವುದು ಮಾತ್ರ ಬಾಂಬ್ ದಾಳಿ. ಆಂಬುಲೆನ್ಸನ್ನು ತಪಾಸಣಾ ಠಾಣೆಯಲ್ಲಿ ಗಂಟೆಗಟ್ಟಲೆ ತಡೆದು ನಿಲ್ಲಿಸುವುದು, ವೈದ್ಯರನ್ನು ಅಪಹರಿಸುವುದು, ವಾರ್ಡಿನಿಂದ ರೋಗಿಯನ್ನು ಎಳೆದೊಯ್ಯುವುದು, ಔಷಧಿ ಲೂಟಿ ಮಾಡುವುದು, ವಿದ್ಯುತ್ತು, ನೀರು, ಇಂಧನ ಕಡಿದುಹಾಕುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಸೇಫ್‌ಗಾರ್ಡಿಂಗ್ ಹೆಲ್ತ್ ಇನ್ ಕಾನ್‌ಫ್ಲಿಕ್ಟ್ ಎಂಬ ಸಂಘಟನೆಗಳ ಒಕ್ಕೂಟ 2024ರಲ್ಲಿ ಜಗತ್ತಿನಾದ್ಯಂತ 3,600ಕ್ಕೂ ಹೆಚ್ಚು ಇಂಥ ಘಟನೆಗಳನ್ನು ದಾಖಲಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ 2017ರ ಕೊನೆಯಿಂದ ತನ್ನದೇ ದಾಖಲೆ ವ್ಯವಸ್ಥೆಯನ್ನು ನಡೆಸುತ್ತಿದೆ.

ವೈದ್ಯರ ವೇಷವನ್ನು ಮೋಸಕ್ಕೆ ಬಳಸುವುದೂ ಒಂದು ಬಗೆಯ ಹಿಂಸೆಯೇ, ಅದರ ಪೆಟ್ಟು ತಡವಾಗಿ ಬೀಳುತ್ತದೆ. ಒಸಾಮಾ ಬಿನ್ ಲಾದೆನ್‌ನ ಸುಳಿವಿಗಾಗಿ 2011ರಲ್ಲಿ ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಹೆಪಟೈಟಿಸ್ ಬಿ ಲಸಿಕೆಯ ನೆಪ ಹೂಡಿತ್ತು. ಲಸಿಕೆಯ ಹೆಸರಿನಲ್ಲಿ ಬೇಹುಗಾರಿಕೆ ನಡೆಯುತ್ತದೆ ಎಂಬ ಶಂಕೆ ಅಲ್ಲಿ ಮೊದಲೇ ಇತ್ತು. ಈಗ ಅದಕ್ಕೆ ಸಾಕ್ಷಿ ಸಿಕ್ಕಂತಾಯಿತು. ಬಳಿಕ ಆ ದೇಶದಲ್ಲಿ ಪೋಲಿಯೊ ಹನಿ ಹಾಕುವ ಕಾರ್ಯಕರ್ತೆಯರ ಮೇಲೆ ಮೇಲಿಂದ ಮೇಲೆ ಗುಂಡಿನ ದಾಳಿಗಳು ನಡೆದವು. ಇನ್ನು ಮುಂದೆ ಲಸಿಕೆ ಕಾರ್ಯಕ್ರಮಗಳನ್ನು ಬೇಹುಗಾರಿಕೆಗೆ ಬಳಸುವುದಿಲ್ಲ ಎಂದು ಅಮೆರಿಕ 2014ರಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ಬೆಲೆ ತೆತ್ತವರು ಆ ಸಂಚಿನ ಗಂಧಗಾಳಿಯೂ ಇಲ್ಲದ ಹೆಣ್ಣುಮಕ್ಕಳು.

ಒಂದು ಆಸ್ಪತ್ರೆ ಮುಚ್ಚಿದರೆ ಅಷ್ಟೊಂದು ವ್ಯತ್ಯಾಸವಾಗುತ್ತದೆಯೆ?

ಜನ ಕಿಮ್ಸ್ ಎಂದು ಕರೆಯುವ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಒಂದು ವಾರ ಬಾಗಿಲು ಹಾಕಿದೆ ಎಂದು ಊಹಿಸಿಕೊಳ್ಳಿ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಮತ್ತು ಉತ್ತರ ಕನ್ನಡದಿಂದ ಅಲ್ಲಿಗೆ ಕಳಿಸುತ್ತಿದ್ದ ಅಪಘಾತದ ಗಾಯಾಳುಗಳು, ಕಷ್ಟದ ಹೆರಿಗೆಗಳು, ಸುಟ್ಟಗಾಯದ ಪ್ರಕರಣಗಳು ಎಲ್ಲಿಗೆ ಹೋಗಬೇಕು? ಡಯಾಲಿಸಿಸ್ ರೋಗಿಗೆ ವಾರದ ಅಂತರವೇ ಪ್ರಾಣಾಂತಿಕವಾಗಬಲ್ಲದು. ಜಿಲ್ಲಾಸ್ಪತ್ರೆಗಳು ಎರಡೇ ದಿನಗಳಲ್ಲಿ ತುಂಬಿ ಹೋಗುತ್ತವೆ, ರಕ್ತನಿಧಿ ಬರಿದಾಗುತ್ತದೆ. ಇವರಲ್ಲಿ ಯಾರೊಬ್ಬರ ಸಾವೂ ದಾಳಿಯಲ್ಲಿ ಸತ್ತವರ ಲೆಕ್ಕಕ್ಕೆ ಸೇರುವುದಿಲ್ಲ. ಯುದ್ಧಪೀಡಿತ ದೇಶಗಳಲ್ಲಿ ಇದು ವಾರದ ಮಾತಲ್ಲ, ವರ್ಷಗಳ ಮಾತು.

ಸಾಂಕ್ರಾಮಿಕ ರೋಗಗಳು ಈ ಬಿರುಕನ್ನು ಬೇಗ ಕಂಡುಹಿಡಿಯುತ್ತವೆ. 1999ರ ನಂತರ ಪೋಲಿಯೊ ಕಾಣದಿದ್ದ ಸಿರಿಯಾದಲ್ಲಿ 2013ರಲ್ಲಿ, ಲಸಿಕಾ ವ್ಯವಸ್ಥೆ ಕುಸಿದಿದ್ದ ದೇರ್ ಎಜ್ಜೋರ್ ಪ್ರಾಂತದಲ್ಲಿ, ಅದು ಮತ್ತೆ ಕಾಣಿಸಿಕೊಂಡಿತು. ಯೆಮೆನ್‌ನಲ್ಲಿ 2017ರ ಕೊನೆಯ ಹೊತ್ತಿಗೆ ಶಂಕಿತ ಕಾಲರಾ ಪ್ರಕರಣಗಳು ಹತ್ತು ಲಕ್ಷ ದಾಟಿದ್ದವು; ಮರುವರ್ಷ ಜೂನ್‌ನಲ್ಲಿ ಅಬ್ಸ್ ಎಂಬಲ್ಲಿ ಹೊಸದಾಗಿ ಕಟ್ಟಿದ್ದ ಕಾಲರಾ ಚಿಕಿತ್ಸಾ ಕೇಂದ್ರದ ಮೇಲೆಯೇ ವಾಯುದಾಳಿ ನಡೆಯಿತು. ಗಾಜಾದಲ್ಲಿ 25 ವರ್ಷಗಳ ನಂತರದ ಮೊದಲ ಪೋಲಿಯೊ ಪ್ರಕರಣ 2024ರ ಆಗಸ್ಟಿನಲ್ಲಿ ದೃಢಪಟ್ಟಿತು.

ಮನಸ್ಸಿದ್ದರೆ ಮಾರ್ಗವೂ ಉಂಟು. ಎಲ್ ಸಾಲ್ವಡಾರ್‌ನಲ್ಲಿ 1985ರಿಂದ ಸರ್ಕಾರಿ ಪಡೆಗಳೂ ಬಂಡಾಯಗಾರರೂ ವರ್ಷದಲ್ಲಿ ಮೂರು ದಿನ ಕದನ ನಿಲ್ಲಿಸಿ ಮಕ್ಕಳಿಗೆ ಲಸಿಕೆ ಹಾಕಿಸಿದರು. ಗಾಜಾದಲ್ಲೂ 2024ರ ಸೆಪ್ಟೆಂಬರ್ 1ರಿಂದ ಪ್ರದೇಶವಾರು ದಾಳಿ ನಿಲ್ಲಿಸಿ ಪೋಲಿಯೊ ಹನಿ ಹಾಕಲಾಯಿತು.

ನಮ್ಮ ಊರಿನ ದವಾಖಾನೆಯಲ್ಲಿ ರೋಗಿಯ ಕಡೆಯವರು ವೈದ್ಯರ ಮೇಲೆ ಕೈ ಮಾಡಿದರೆ ಇದೇ ಕಾನೂನು ಅನ್ವಯಿಸುತ್ತದೆಯೆ?

ಇಲ್ಲ. ಜಿನೀವಾ ಒಪ್ಪಂದಗಳು ಸಶಸ್ತ್ರ ಸಂಘರ್ಷಕ್ಕೆ ಮಾತ್ರ. ನಮ್ಮಲ್ಲಿ ಅದಕ್ಕೆ 2009ರ ಕರ್ನಾಟಕ ವೈದ್ಯಕೀಯ ಸೇವಾ ಸಿಬ್ಬಂದಿ ಮೇಲಿನ ಹಿಂಸಾಚಾರ ನಿಷೇಧ ಕಾಯ್ದೆಯಿದೆ. ಅದರಡಿ ಅಪರಾಧ ಜಾಮೀನುರಹಿತ. ಸಾಂಕ್ರಾಮಿಕದ ಕಾಲದ ಹಲ್ಲೆಗೆ 2020ರಲ್ಲಿ ತಿದ್ದುಪಡಿಯಾದ ಸಾಂಕ್ರಾಮಿಕ ರೋಗಗಳ ಕಾಯ್ದೆ 3 ತಿಂಗಳಿಂದ 5 ವರ್ಷ, ತೀವ್ರ ಗಾಯವಾದರೆ 6 ತಿಂಗಳಿಂದ 7 ವರ್ಷ ಸೆರೆವಾಸ ವಿಧಿಸುತ್ತದೆ. ಎರಡು ಸನ್ನಿವೇಶಗಳನ್ನು ಬೆರೆಸಬಾರದು: ಮಗನನ್ನು ಕಳೆದುಕೊಂಡ ಸಿಟ್ಟಿನಲ್ಲಿ ಕುರ್ಚಿ ಎಸೆದವನು ತಪ್ಪಿತಸ್ಥನೇ, ಆದರೆ ಅವನು ಯುದ್ಧಾಪರಾಧಿಯಲ್ಲ. ತರಬೇತಿಯ ಮಟ್ಟಿಗೆ ಮಾತ್ರ ಎರಡಕ್ಕೂ ಹೋಲಿಕೆಯಿದೆ. ಉದ್ರಿಕ್ತರ ಜೊತೆ ಮಾತಾಡುವ ರೀತಿ, ತುರ್ತು ವಿಭಾಗಕ್ಕೆ ಬರುವ ಜನರನ್ನು ನಿಯಂತ್ರಿಸುವ ಬಾಗಿಲು, ಹಿಂದಿನಿಂದ ಹೊರಬೀಳುವ ದಾರಿ, ಕೆಟ್ಟ ಸುದ್ದಿಯನ್ನು ಹೇಳುವ ಕ್ರಮ ಎರಡೂ ಕಡೆ ಬೇಕು.

ಭಾರತ ಈ ಒಪ್ಪಂದಗಳನ್ನು ಒಪ್ಪಿದೆಯೆ?

1949ರ ನಾಲ್ಕೂ ಒಪ್ಪಂದಗಳನ್ನು ಭಾರತ 1950ರಲ್ಲಿ ಸ್ಥಿರೀಕರಿಸಿತು. ಅವನ್ನು ಜಾರಿಗೊಳಿಸಲು ಸಂಸತ್ತು 1960ರ ಜಿನೀವಾ ಒಪ್ಪಂದಗಳ ಕಾಯ್ದೆಯನ್ನು ಮಾಡಿತು. ರಕ್ಷಿತ ವ್ಯಕ್ತಿಯನ್ನು ಉದ್ದೇಶಪೂರ್ವಕವಾಗಿ ಕೊಂದರೆ ಅದರಡಿ ಮರಣದಂಡನೆ ಇಲ್ಲವೆ ಜೀವಾವಧಿ, ಇತರ ಗಂಭೀರ ಉಲ್ಲಂಘನೆಗಳಿಗೆ 14 ವರ್ಷದವರೆಗೆ ಸೆರೆವಾಸ. ಆದರೆ ಸರ್ಕಾರವೇ ದೂರು ಕೊಟ್ಟ ಹೊರತು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. 1977ರ ಪ್ರೋಟೋಕಾಲ್‌ಗಳಿಗೂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನಕ್ಕೂ ಭಾರತ ಸೇರಿಲ್ಲ. ಆದರೂ ಆಸ್ಪತ್ರೆ ಮತ್ತು ವೈದ್ಯಕೀಯ ಸಿಬ್ಬಂದಿಯ ರಕ್ಷಣೆ ರೂಢಿಯಿಂದ ಬಂದ ಅಂತರರಾಷ್ಟ್ರೀಯ ಕಾನೂನಿನ ಭಾಗವೆಂದು ಪರಿಗಣಿತವಾಗಿರುವುದರಿಂದ, ಸಹಿ ಹಾಕಿಲ್ಲ ಎಂಬ ಕಾರಣಕ್ಕೆ ಯಾವ ದೇಶವೂ ಅದರಿಂದ ಹೊರಗೆ ನಿಲ್ಲಲಾಗದು.

ಇಷ್ಟೆಲ್ಲ ಕಾನೂನು ಇದ್ದು ಯಾರಿಗಾದರೂ ಶಿಕ್ಷೆಯಾಗಿದೆಯೆ?

ಆಗಿದೆ, ಆದರೆ ಬೆರಳೆಣಿಕೆಯಷ್ಟು. 1991ರ ನವೆಂಬರಿನಲ್ಲಿ ಕ್ರೊಯೇಷಿಯಾದ ವುಕೊವಾರ್ ಆಸ್ಪತ್ರೆಯಿಂದ ಗಾಯಾಳುಗಳೂ ಸೇರಿದಂತೆ ಸುಮಾರು 200 ಮಂದಿಯನ್ನು ಹೊರಗೆಳೆದು ಓವ್ಚಾರಾ ಎಂಬಲ್ಲಿ ಕೊಲ್ಲಲಾಯಿತು. ಆ ಪ್ರಕರಣದಲ್ಲಿ ಹಿಂದಿನ ಯುಗೊಸ್ಲಾವಿಯಾಕ್ಕಾಗಿ ರಚಿಸಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಸೇನಾಧಿಕಾರಿ ಮಿಲೆ ಮ್ರ್ಕ್ಸಿಚ್‌ಗೆ 20 ವರ್ಷ, ವೆಸೆಲಿನ್ ಶ್ಲಿವಾನ್ಚಾನಿನ್‌ಗೆ ಕೊನೆಗೆ 10 ವರ್ಷ ಶಿಕ್ಷೆ ವಿಧಿಸಿತು. ಸೆರೆಯಾದವರ ರಕ್ಷಣೆಗೆ ಬದ್ಧರಾದವರು ಕಾವಲನ್ನು ಹಿಂತೆಗೆದು ಅವರನ್ನು ಕೊಲ್ಲುವವರ ಕೈಗೆ ಬಿಟ್ಟರೆ ಅವರೂ ಹೊಣೆಗಾರರು ಎಂಬುದು ಆ ತೀರ್ಪುಗಳಲ್ಲಿ ಗಟ್ಟಿಯಾಯಿತು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2016ರ ಮೇ 3ರಂದು ಆಸ್ಪತ್ರೆಗಳ ಮೇಲಿನ ದಾಳಿಯನ್ನು ಖಂಡಿಸುವ 2286ನೆಯ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಅದಕ್ಕೆ ಒಂದು ವಾರ ಮೊದಲಷ್ಟೇ ಸಿರಿಯಾದ ಅಲೆಪ್ಪೊ ನಗರದ ಅಲ್-ಕುದ್ಸ್ ಆಸ್ಪತ್ರೆ ವಾಯುದಾಳಿಗೆ ತುತ್ತಾಗಿತ್ತು. ನಿರ್ಣಯದ ನಂತರ ದಾಳಿಗಳು ಕಡಿಮೆಯಾಗಲಿಲ್ಲ. 2022ರ ಮಾರ್ಚ್ 9ರಂದು ಉಕ್ರೇನಿನ ಮರಿಯುಪೋಲ್‌ನ ಹೆರಿಗೆ ಆಸ್ಪತ್ರೆ, 2025ರ ಜನವರಿಯಲ್ಲಿ ಸುಡಾನಿನ ಎಲ್ ಫಾಶರ್‌ನ ಸೌದಿ ಆಸ್ಪತ್ರೆ, ಅದೇ ವರ್ಷ ಮಾರ್ಚ್ 23ರಂದು ಗಾಜಾದ ರಫಾದಲ್ಲಿ ಕೊಲೆಯಾದ 15 ಮಂದಿ ತುರ್ತುಸೇವಾ ಮತ್ತು ನೆರವು ಸಿಬ್ಬಂದಿ ಇದಕ್ಕೆ ಸಾಕ್ಷಿ. ನಿಯಮದ ಕೊರತೆ ಎಲ್ಲಿಯೂ ಇರಲಿಲ್ಲ. ನಿಯಮ ಮುರಿದವನನ್ನು ಅವನ ಮಿತ್ರರಾಷ್ಟ್ರಗಳು ಪ್ರಶ್ನಿಸದಿರುವುದೇ ದೊಡ್ಡ ಕೊರತೆ ಎಂದು ಇಲ್ಲಿ ನೇರವಾಗಿ ಹೇಳಬೇಕಾಗಿದೆ.

ಒಂದು ಆಸ್ಪತ್ರೆ ತನ್ನ ಮಟ್ಟಿಗೆ ಏನು ಮಾಡಿಕೊಳ್ಳಬಹುದು?

ರೆಡ್ ಕ್ರಾಸ್ ಸಮಿತಿ 2011ರಿಂದ ನಡೆಸುತ್ತಿರುವ ‘ಅಪಾಯದಲ್ಲಿ ಆರೋಗ್ಯ ಸೇವೆ’ ಎಂಬ ಕಾರ್ಯಕ್ರಮದ ಅನುಭವದಲ್ಲಿ ಗಮನ ಸೆಳೆಯುವುದು ದುಬಾರಿ ಉಪಕರಣಗಳಿಗಿಂತ ಸಣ್ಣ ಸಿದ್ಧತೆಗಳು. ಕಿಟಕಿಯ ಗಾಜಿಗೆ ಚೂರಾಗದಂತೆ ತಡೆಯುವ ಹಾಳೆ ಅಂಟಿಸುವುದು, ಜನರೇಟರ್ ಮತ್ತು ಆಮ್ಲಜನಕದ ಸುತ್ತ ಮರಳಿನ ಚೀಲ ಪೇರಿಸುವುದು, ಕೆಲವು ದಿನಗಳಿಗೆ ಸಾಕಾಗುವಷ್ಟು ನೀರು, ಇಂಧನ ಸಂಗ್ರಹಿಸುವುದು, ಯಾವ ರೋಗಿಯನ್ನು ಯಾರು ಎತ್ತಿಕೊಂಡು ಎಲ್ಲಿಗೆ ಒಯ್ಯಬೇಕು ಎಂಬುದನ್ನು ಮೊದಲೇ ಗೊತ್ತುಮಾಡುವುದು. ರೋಗಿಗಳ ದಾಖಲೆ ಬೇಕಾಬಿಟ್ಟಿ ಯಾರ ಕೈಗೂ ಸಿಗದಂತೆ ಇಡಬೇಕು, ಏಕೆಂದರೆ ಸಂಘರ್ಷದಲ್ಲಿ ಆ ವಹಿಯೇ ಹಿಡಿಯಬೇಕಾದವರ ಪಟ್ಟಿಯಾಗಬಲ್ಲದು. ಆಂಬುಲೆನ್ಸಿನಲ್ಲಿ ರೋಗಿ ಮತ್ತು ಸಿಬ್ಬಂದಿಯ ಹೊರತು ಬೇರೆ ಯಾರನ್ನೂ, ಯಾವ ಸರಕನ್ನೂ ಒಯ್ಯಬಾರದು. ಒಂದೇ ಒಂದು ದುರ್ಬಳಕೆ ಇಡೀ ಜಿಲ್ಲೆಯ ಆಂಬುಲೆನ್ಸ್‌ಗಳನ್ನು ಸಂದೇಹಕ್ಕೆ ಗುರಿಮಾಡುತ್ತದೆ.

ಎಲ್ಲಕ್ಕಿಂತ ಬಲವಾದ ರಕ್ಷಣೆ ಸುತ್ತಲಿನ ಜನರ ವಿಶ್ವಾಸ. ಎಲ್ಲ ಜಾತಿ, ಧರ್ಮ, ಪಕ್ಷದವರಿಗೂ ಇಲ್ಲಿ ಒಂದೇ ಸರದಿ ಎಂದು ಜನ ವರ್ಷಗಳಿಂದ ಕಣ್ಣಾರೆ ಕಂಡಿದ್ದರೆ, ಅಪಾಯದ ಸುಳಿವು ಬಂದ ದಿನ ಮೊದಲು ಎಚ್ಚರಿಸುವವರೂ ಅವರೇ. ಆ ವಿಶ್ವಾಸ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಕಾಂಗೋ ದೇಶದ ಬುಟೆಂಬೊ ಸಾಕ್ಷಿ. ಎಬೋಲಾ ತಡೆಯಲು ಹೋಗಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಡಾ. ರಿಚರ್ಡ್ ಮೌಜೊಕೊ ಅವರನ್ನು 2019ರ ಏಪ್ರಿಲ್ 19ರಂದು ಅಲ್ಲಿಯ ಆಸ್ಪತ್ರೆಯಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ರೋಗದ ಬಗೆಗಿನ ವದಂತಿಗಳು ಆ ಊರಿನಲ್ಲಿ ಆಗ ರೋಗದಷ್ಟೇ ಹರಡಿದ್ದವು.

ನಮ್ಮ ಮಗಳು ನರ್ಸ್ ಆಗಿ ವಿದೇಶಕ್ಕೆ ಹೊರಟಿದ್ದಾಳೆ. ಏನೇನು ನೋಡಿಕೊಳ್ಳಬೇಕು?

2014ರಲ್ಲಿ ಇರಾಕಿನ ಟಿಕ್ರಿತ್ ನಗರವನ್ನು ಉಗ್ರರು ವಶಪಡಿಸಿಕೊಂಡಾಗ ಅಲ್ಲಿಯ ಆಸ್ಪತ್ರೆಯಲ್ಲಿ 46 ಭಾರತೀಯ ನರ್ಸ್‌ಗಳು ಸಿಲುಕಿಕೊಂಡಿದ್ದರು. ಅವರು ಜುಲೈ 5ರಂದು ಕೊಚ್ಚಿಗೆ ಸುರಕ್ಷಿತವಾಗಿ ಮರಳಿದರು. ಮರುವರ್ಷ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿತು. ಇರಾಕ್, ಯೆಮೆನ್, ಲಿಬಿಯಾ, ಸುಡಾನ್, ಸೌದಿ ಅರೇಬಿಯಾ, ಕುವೈತ್ ಸೇರಿದಂತೆ 18 ದೇಶಗಳಿಗೆ ನರ್ಸ್ ಕೆಲಸಕ್ಕೆ ಹೋಗುವವರು, ಅವರ ಪಾಸ್‌ಪೋರ್ಟ್ ಯಾವ ವರ್ಗದ್ದೇ ಆಗಿರಲಿ, ವಲಸೆ ಅನುಮತಿ ಪಡೆಯಬೇಕು. ಪ್ರವಾಸಿ ವೀಸಾ ಮೇಲೆ ಹೋಗಿ ಅಲ್ಲಿ ಕೆಲಸದ ವೀಸಾಕ್ಕೆ ಬದಲಾಯಿಸಿಕೊಳ್ಳೋಣ ಎನ್ನುವ ಏಜೆಂಟನ ಮಾತನ್ನು ನಂಬಬೇಡಿ. ಹಾಗೆ ಹೋದವರ ಹೆಸರು ಸಂಕಟದ ದಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಹೋದ ಕೂಡಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಪಾಸ್‌ಪೋರ್ಟನ್ನು ಆಸ್ಪತ್ರೆಯ ಆಡಳಿತ ತನ್ನ ಬಳಿಯೇ ಇಟ್ಟುಕೊಳ್ಳುವುದಕ್ಕೆ ಒಪ್ಪಬಾರದು. ಅದರ ಪ್ರತಿ, ಉದ್ಯೋಗ ಕರಾರಿನ ಪ್ರತಿ ಮತ್ತು ಆಸ್ಪತ್ರೆಯ ವಿಳಾಸ ಮನೆಯವರ ಬಳಿ ಇರಬೇಕು. ಸಂಬಳ ತಡೆದರೆ, ಮರಳಲು ಬಿಡದಿದ್ದರೆ, ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಊರಿನಿಂದಲೇ ದೂರು ಸಲ್ಲಿಸಬಹುದು.

ಆಸ್ಪತ್ರೆಯ ಮೇಲಿನ ದಾಳಿಯ ವಿಡಿಯೊಗಳನ್ನು ಹಂಚಿಕೊಳ್ಳುವುದು ಸರಿಯೆ?

ಗಾಯಾಳುವಿನ ಮುಖ, ಹೆಸರು, ಹಾಸಿಗೆಯ ಸಂಖ್ಯೆ ಕಾಣುವಂಥದ್ದನ್ನು ಹಂಚಬಾರದು. ಹಳೆಯ ಯುದ್ಧದ ದೃಶ್ಯ ಹೊಸ ಯುದ್ಧದ ಹೆಸರಿನಲ್ಲಿ ಓಡಾಡುವುದು ಸಾಮಾನ್ಯ. ದಿನಾಂಕ, ಸ್ಥಳ ಖಚಿತವಾಗದ ಹೊರತು ಮುಂದೆ ಕಳಿಸದಿರುವುದೇ ಒಳ್ಳೆಯದು. ಮುಂದೊಂದು ದಿನ ವಿಚಾರಣೆಗೆ ಸಾಕ್ಷ್ಯವಾಗಬಹುದಾದ ನಿಜವಾದ ದೃಶ್ಯವನ್ನೂ ಇಂಥ ಕಲಬೆರಕೆ ಬೆಲೆಯಿಲ್ಲದಂತೆ ಮಾಡುತ್ತದೆ.

ನಮ್ಮ ಕ್ಲಿನಿಕ್ಕಿನ ಫಲಕದ ಮೇಲೆ ಕೆಂಪು ಶಿಲುಬೆಯಿದೆ. ಅದು ತಪ್ಪೆ?

ತಪ್ಪು. ಬಿಳಿಯ ನೆಲದ ಮೇಲಿನ ಕೆಂಪು ಶಿಲುಬೆ ವೈದ್ಯವೃತ್ತಿಯ ಚಿಹ್ನೆಯಲ್ಲ. ಸ್ವಿಟ್ಜರ್‌ಲೆಂಡಿನ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿ 1864ರಲ್ಲಿ ಸ್ವೀಕರಿಸಿದ ಆ ಚಿಹ್ನೆ ಸೇನೆಯ ವೈದ್ಯಕೀಯ ಸೇವೆಗೆ, ರೆಡ್ ಕ್ರಾಸ್ ಸಂಸ್ಥೆಗಳಿಗೆ ಮತ್ತು ಸರ್ಕಾರ ಅನುಮತಿಸಿದವರಿಗೆ ಮಾತ್ರ ಮೀಸಲು. ಕೆಂಪು ಅರ್ಧಚಂದ್ರಕ್ಕೂ 2005ರಲ್ಲಿ ಸೇರಿಸಿದ ಕೆಂಪು ಹರಳಿಗೂ ಅದೇ ಸ್ಥಾನವಿದೆ. ಅನುಮತಿಯಿಲ್ಲದೆ ಬಳಸುವುದನ್ನು 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ 12ನೆಯ ಕಲಂ ನಿಷೇಧಿಸುತ್ತದೆ. 13ನೆಯ ಕಲಮಿನ ಪ್ರಕಾರ ದಂಡ 500 ರೂಪಾಯಿವರೆಗೆ, ಜೊತೆಗೆ ಚಿಹ್ನೆ ಹಾಕಿದ ವಸ್ತುವಿನ ಮುಟ್ಟುಗೋಲು. ಆರು ದಶಕಗಳ ಹಿಂದೆ 500 ರೂಪಾಯಿ ಭಾರವಾದ ದಂಡವೇ ಇದ್ದಿರಬಹುದು, ಇಂದು ಅದು ಫಲಕಕ್ಕೆ ಬಣ್ಣ ಬಳಿಯುವವನ ಒಂದು ದಿನದ ಕೂಲಿಗೂ ಸಾಲದು. ನಮ್ಮ ಊರುಗಳ ಮೆಡಿಕಲ್ ಅಂಗಡಿ, ವೈದ್ಯರ ಕಾರು, ಖಾಸಗಿ ಆಂಬುಲೆನ್ಸ್‌ಗಳ ಮೇಲೆ ಆ ಚಿಹ್ನೆ ಇಂದಿಗೂ ಉಳಿದಿರುವುದಕ್ಕೆ ಅಜ್ಞಾನದ ಜೊತೆಗೆ ಇದೂ ಒಂದು ಕಾರಣವಿರಬೇಕು.

ಕೆಂಪು ಶಿಲುಬೆ ಕಂಡಲ್ಲೆಲ್ಲ ಅಂಗಡಿಯೊಂದು ಇರಬಹುದು ಎಂದು ಸೈನಿಕನ ಕಣ್ಣು ರೂಢಿಯಾದರೆ, ಕದನದ ಹೊತ್ತಿನಲ್ಲಿ ಅದು ಅವನನ್ನು ತಡೆಯುವುದಿಲ್ಲ. ಕೊಲಂಬಿಯಾ ದೇಶ ತನ್ನ ನಾಗರಿಕ ಆರೋಗ್ಯ ಸೇವೆಗೆ ‘ಮಿಸಿಯೋನ್ ಮೆಡಿಕಾ’ ಎಂಬ ಪ್ರತ್ಯೇಕ ಚಿಹ್ನೆಯನ್ನೇ ಮಾಡಿಕೊಂಡಿದೆ. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಔಷಧಿ ಅಂಗಡಿಗೆ ಹಸಿರು ಶಿಲುಬೆ, ಆಂಬುಲೆನ್ಸಿಗೆ ಆರು ಮೊನೆಯ ನೀಲಿ ನಕ್ಷತ್ರ ಸಾಕು. ಕ್ಲಿನಿಕ್ಕಿಗೆ ಹೆಸರು, ಪದವಿ, ನೋಂದಣಿ ಸಂಖ್ಯೆ ಮತ್ತು ವೇಳೆ ಇದ್ದರೆ ರೋಗಿ ಬಾಗಿಲು ಹುಡುಕಿಕೊಂಡು ಬರುತ್ತಾನೆ. ಫಲಕ ಹೊಸದಾಗಿ ಬರೆಸುವಾಗ ಬಣ್ಣ ಬಳಿಯುವವರಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅವರು ರೂಢಿಯಂತೆ ಕೆಂಪು ಶಿಲುಬೆಯನ್ನೇ ಬರೆಯುತ್ತಾರೆ.